ಕೌದಿಯ ಅಡಿಯ ಕುಣಿಕೆ

ನೆಬ್ರಾಸ್ಕದ ಆರ್ಡಿತ್ ಹೊಲಿಗೆ ಯಂತ್ರದ ಮುಂದೆ ಕೌದಿ ಹೊಲಿಯಲು ಕೂತರೂ ಒಲೆ, ಕೋಳಿ, ಬಾಗಿಲು ಎಂದು ಹತ್ತು ಸಲ ಏಳುವವಳು. "ಒಂದ್ಕಡೆ ಕಾಲೂರಿ ಕೂರೇ!" ಎಂದು ಅಕ್ಕ ವೆಲ್ಡಾ ಅರವತ್ತು ವರ್ಷದಿಂದ ಗದರುತ್ತಲೇ ಇದ್ದಳು.

ಅಂದು ಕೌದಿ ಒಯ್ಯಲು ಚರ್ಚಿನವರು ಬರುವ ಹೊತ್ತಾದರೂ ಕೌದಿಯ ಅಡಿಯಲ್ಲಿ ದಾರ ಕುಣಿಕೆ ಕುಣಿಕೆಯಾಗಿ ಜೋತುಬೀಳುತ್ತಿತ್ತು. ಆರ್ಡಿತ್ ಕೆಳದಾರದ ಬಾಬಿನ್ನಿನ ತಿರುಪು ಬಿಗಿದಳು, ಸಡಿಲಿಸಿದಳು, ಯಂತ್ರಕ್ಕೆ ಶಾಪ ಹಾಕಿದಳು.

ವೆಲ್ಡಾ ಬಗ್ಗಿ ನೋಡಿದಳು. "ಕೆಳಗೆ ಕುಣಿಕೆ ಬಿದ್ರೆ ತಪ್ಪು ಮೇಲಿನ ದಾರದ್ದು ಕಣೇ. ಬಟ್ಟೆ ಒತ್ತಿ ಹಿಡಿಯೋ ಯಂತ್ರದ ಪಾದ ಇಳಿಸಿಟ್ಟೇ ಪೋಣಿಸಿದೀಯ. ದಾರ ಬಿಗಿ ಹಿಡಿಯೋ ಬಿಲ್ಲೆಗಳು ಮುಚ್ಕೊಂಡು ಅದು ಅವುಗಳ ನಡುವೆ ಹೋಗೇ ಇಲ್ಲ. ಪಾದ ಎತ್ತಿ ಪೋಣಿಸು."

ಹಾಗೆ ಮಾಡಿದ್ದೇ ಹೊಲಿಗೆ ನೆಟ್ಟಗಾಯಿತು. ಆರ್ಡಿತ್ ಆಗಲೇ ಎದ್ದು ಬಾಗಿಲ ಕಡೆ ಓಡುತ್ತಿದ್ದಳು.

"ನೋಡಿದ್ಯಾ ಅಕ್ಕ, ಯಂತ್ರ ಕಾಲೂರಿದ್ದಕ್ಕೇ ಹೊಲಿಗೆ ಕೆಟ್ಟಿದ್ದು!"