ವಾಸನೆಯ ಕಾಲಂ

ಟಪ್. ತುಸು ತಡೆದು ಮತ್ತೊಂದು ಟಪ್. ಬ್ಯೂರೆಟ್ಟಿನ ಗಾಜಿನ ಕೊಳವೆಯ ತುದಿಯಿಂದ ಕ್ಷಾರದ ಹನಿಗಳು ಮೋಸಂಬಿ ರಸಕ್ಕೆ ಬೀಳುತ್ತಿದ್ದವು. ಕಿಟಕಿಯಿಂದ ಹಾಯ್ದ ಮಧ್ಯಾಹ್ನದ ಬಿಸಿಲು ಮೇಜಿನ ಮೇಲಿನ ಬೀಕರುಗಳೊಳಗೆ ಇಳಿದು, ಮಾವಿನಲ್ಲಿ ಹಳದಿಯಾಗಿ, ದಾಳಿಂಬೆಯಲ್ಲಿ ಕೆಂಪಾಗಿ, ನೇರಳೆಯಲ್ಲಿ ಸಂಜೆಯಾಗಿ ನಿಂತಿತ್ತು.

ಶಿಗ್ಗಾಂವದ ಆ ಕಾಲೇಜಿನಲ್ಲಿ ಪದ್ಮಜಾ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಹಿಂದಿನ ಚಳಿಗಾಲದ ಒಂದು ಜ್ವರ ಅವಳಿಂದ ವಾಸನೆ, ರುಚಿ ಎರಡನ್ನೂ ಒಯ್ದಿತ್ತು. ಜ್ವರ ಹೋಯಿತು, ಅವು ತಿರುಗಿ ಬರಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಅದು ಖಾಯಂ ಆಗಿಬಿಡುತ್ತದೆಂಬ ಹೆದರಿಕೆ. ಮುಚ್ಚಿಡುವುದು ಕಷ್ಟವೂ ಆಗಲಿಲ್ಲ. ಪ್ರಯೋಗಶಾಲೆಯಲ್ಲಿ ಏನನ್ನೂ ನೆಕ್ಕಿ ನೋಡಬಾರದು. ಮನೆಯಲ್ಲಿ ನೈವೇದ್ಯವಾಗುವವರೆಗೆ ಅಡುಗೆಯ ರುಚಿ ನೋಡುವಂತಿಲ್ಲ, ಮೂಸುವಂತೆಯೂ ಇಲ್ಲ. ಕಣ್ಣಳತೆ, ಕೈಯಳತೆಯ ಮೇಲೆಯೇ ಸಾರು ಕುದಿಯುತ್ತಿತ್ತು. ಅತ್ತೆ ಒಮ್ಮೆ ಮಾತ್ರ, "ಎರಡು ಸಲ ಉಪ್ಪು ಬಿದ್ದದ ನೋಡವಾ. ದೇವರು ಸುಮ್ಮನ ಉಂಡಾನು, ನನಗ ಬೀಪಿ ಅದ!" ಎಂದು ನಕ್ಕಿದ್ದರು.

ಹಣ್ಣಿನ ರಸಗಳ ಗುಣಗಳನ್ನು ಹೋಲಿಸುವ ಪ್ರಾಜೆಕ್ಟು ವಿದ್ಯಾಶ್ರೀಯದು. ಮಾಸೂರಿನ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ. ಸೋಸುವಾಗ ಮೋಸಂಬಿ ಸರಸರ ಇಳಿದಿತ್ತು. ಮಾವು ಲಾಳಿಕೆಯಲ್ಲಿ ಕೂತು ಯೋಚಿಸುತ್ತಿತ್ತು.

"ಮೇಡಂ, ಸೂಚಕ ಹಾಕಿದ್ದಕ್ಕ ಮೋಸಂಬಿ, ಮಾವು ಗುಲಾಬಿ ಆಗ್ಯಾವ್ರಿ, ಈ ನೇರಳಿ ನೀಲಿ ಆತಲ್ರಿ!"

"ಅದಕ್ಕ ಬ್ಯಾರೆ ಸೂಚಕ ಬ್ಯಾಡ. ಹುಳಿ ಮುಗೀತಂದ್ರ ತಾನ ಬಣ್ಣ ಬದಲಿಸಿ ಹೇಳ್ತದ."

ಇಬ್ಬರೂ ಆ ನೀಲಿಯನ್ನು ಬಾಗಿ ನೋಡಿದರು. ವಿದ್ಯಾಶ್ರೀಯ ಪಟ್ಟಿಯಲ್ಲಿ ಬಣ್ಣ, ಸಾಂದ್ರತೆ, ಆಮ್ಲೀಯತೆ, ಸಕ್ಕರೆ ಎಲ್ಲ ತುಂಬಿದವು. ಉಳಿದದ್ದು ವಾಸನೆಯ ಕಾಲಂ.

"ಮಾವಿಂದು ನೀವ ಹೇಳ್ರಿ ಮೇಡಂ," ಎಂದು ವಿದ್ಯಾಶ್ರೀ ಬೀಕರನ್ನು ಅವಳ ಮುಖದ ಹತ್ತಿರ ಹಿಡಿದಳು.

ಪದ್ಮಜಾ ಕಣ್ಣು ಮುಚ್ಚಿದಳು. ಹಾನಗಲ್ಲಿನ ಸೋದರಮಾವನ ಮನೆ ಕಂಡಿತು. "ಬರಿ. ಹುಲ್ಲಿನಾಗ ಹಣ್ಣಿಟ್ಟ ಖೋಲಿ ಬಾಗಲಾ ತಗದಂಗ. ಬೆಚ್ಚಗ, ಸಿಹಿ."

ಪೆನ್ನು ಓಡುವ ಸದ್ದು ಕೇಳಲಿಲ್ಲ.

"ಮೇಡಂ... ಇದು ನಿನ್ನಿ ರಸ ಐತ್ರಿ. ಫ್ರಿಜ್‌ನಾಗ ಇಡೂದು ಮರತೇನಿ. ಹುಳಿ ಹಿಡದು ಹೆಂಡದಂಗ ನಾರಾಕತ್ತೈತಿ. ಖರೇನ ಮೂಸೀರೇನ್ರಿ?"

ಪದ್ಮಜಾ ಬೀಕರನ್ನು ತೆಗೆದುಕೊಂಡು ಮೆಲ್ಲಗೆ ಮೇಜಿನ ಮೇಲಿಟ್ಟಳು. "ನನಗ ವಾಸನಿ ಬರಂಗಿಲ್ಲ ವಿದ್ಯಾ. ಚಳಿಗಾಲದಿಂದ. ರುಚಿನೂ ಇಲ್ಲ."

ಹೇಳಿಬಿಟ್ಟಿದ್ದಳು. ಕೋಣೆ ಮೊದಲಿನಂತೆಯೇ ಇತ್ತು, ಬಿಸಿಲೂ ಕದಲಿರಲಿಲ್ಲ.

"ಅಯ್ಯ! ಮನ್ಯಾಗ ಗೊತ್ತೈತೇನ್ರಿ?"

"ಇಲ್ಲ. ಹೇಳ್ತೇನಿ. ಅತ್ತಿಯವರಿಗೆ ಮೊದಲು..."

ಮಾತು ಅಲ್ಲಿಗೇ ನಿಂತಿತು. ಹಿಂಬಾಗಿಲ ಆಚೆಯ ನಲ್ಲಿಯ ಹತ್ತಿರ, ಪ್ರಯೋಗಶಾಲೆಯ ಕೆಲಸದ ಗುತ್ತೆವ್ವ ಹಿಂಡಿ ಬಿಟ್ಟ ಮೋಸಂಬಿ ಸಿಪ್ಪೆಯಿಂದ ಪಾತ್ರೆ ತಿಕ್ಕುತ್ತಿದ್ದಳು. ಆ ಕಡೆಯಿಂದ ಗಾಳಿ ಬಂತು. ಬಹಳ ದೂರದಿಂದ ಯಾರೋ ಹೆಸರು ಹಿಡಿದು ಕರೆದಂತೆ, ತೆಳ್ಳಗೆ, ಕಹಿಯಾಗಿ, ಹಸಿರಾಗಿ ಏನೋ ಒಂದು ಮೂಗಿಗೆ ಬಂದು ಹೋಯಿತು. ಪದ್ಮಜಾ ಉಸಿರು ಎಳೆದುಕೊಂಡಳು. ಮತ್ತೆ ಬಂತು.

"ಅತ್ತಿಯವರಿಗೆ ಮೊದಲು ಏನ್ರಿ ಮೇಡಂ?"

ಪದ್ಮಜಾ ಆಗಲೇ ಬಾಗಿಲು ದಾಟಿ ನಲ್ಲಿಯತ್ತ ನಡೆಯುತ್ತಿದ್ದಳು.