ಕಸದ ಕಟ್ಟೆಯ ನ್ಯಾಯಪೀಠ

ಜಪಾನಿನ ಶಿನಾಗಾವಾದ ನಮ್ಮ ಅಪಾರ್ಟ್‌ಮೆಂಟಿಗೆ ಇಂಗ್ಲೆಂಡಿನ ನಿವೃತ್ತ ನ್ಯಾಯಾಧೀಶರೊಬ್ಬರು ಬಂದು ಮಗಳ ಮನೆಯಲ್ಲಿ ನೆಲೆಸಿದರು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ತಮ್ಮ ವೃತ್ತಿಜೀವನವನ್ನು ಮೊದಲಿನಿಂದ ಹೇಳುತ್ತಿದ್ದರು. ಲಿಫ್ಟ್ ಎಂಟನೆಯ ಮಹಡಿ ಮುಟ್ಟುವಷ್ಟರಲ್ಲಿ ಅವರು ಕುದುರೆಗೂದಲಿನ ವಿಗ್ ಧರಿಸಿ ಹೈಕೋರ್ಟ್ ಮುಟ್ಟಿರುತ್ತಿದ್ದರು.

ಒಂದು ಬೆಳಿಗ್ಗೆ, ಮನೆಮನೆಗೂ ಸರದಿಯಂತೆ ಬರುವ, ಕಸ ಸರಿಯಾಗಿ ಬೇರ್ಪಡಿಸಿದೆಯೇ ಎಂದು ನೋಡುವ ಪಾಳಿಯಲ್ಲಿದ್ದ ಎದುರುಮನೆಯ ಅಜ್ಜಿ ನ್ಯಾಯಾಧೀಶರ ಚೀಲವನ್ನು ತಡೆದರು. ಬಾಟಲಿಗಳ ಮುಚ್ಚಳ ತೆಗೆದಿರಲಿಲ್ಲ. "ಸುಮಿಮಾಸೆನ್" ಎಂದು ಕ್ಷಮೆ ಕೇಳಿ, ನಡು ಬಗ್ಗಿಸಿ ಚೀಲವನ್ನು ಅವರ ಕೈಗೇ ಕೊಟ್ಟರು. ನ್ಯಾಯಾಧೀಶರು ಕೆಂಪೇರಿ, ಇದಕ್ಕೆ ಮೇಲ್ಮನವಿ ಎಲ್ಲಿ ಸಲ್ಲಿಸಬೇಕೆಂದು ಕೇಳಿದರು. ನಾನು ಅದನ್ನು ಜಪಾನಿ ಭಾಷೆಯಲ್ಲಿ ಹೇಳಿದೆ. ಅಜ್ಜಿ ಇನ್ನೊಮ್ಮೆ ಬಗ್ಗಿದರು, ಅಷ್ಟೆ.

"ಇವತ್ತು ಜಡ್ಜ್ ಸಾಹೇಬ್ರಿಗೇ ಪನಿಶ್‌ಮೆಂಟ್ ಆಯ್ತು ಕಣ್ರೀ!" ಎಂದು ನಾನು ಮೇಲೆ ಬಂದು ಗಂಡನಿಗೆ ಹೇಳಿ ನಕ್ಕಿದ್ದೇ ನಕ್ಕಿದ್ದು.

ಮುಂದಿನ ತಿಂಗಳು ಪಾಳಿ ನ್ಯಾಯಾಧೀಶರ ಮನೆಗೆ ಬಂತು. ಮಗಳನ್ನು ಒಳಗೆ ಕಳಿಸಿ, ಕೈಗವಸು ತೊಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ತಾವೇ ನಿಂತರು. ಕಳೆದುಕೊಂಡ ಪೀಠ ಮತ್ತೆ ಸಿಕ್ಕಿದ ಕಳೆ ಆ ಮುಖದಲ್ಲಿತ್ತು. ನನ್ನ ಚೀಲದಲ್ಲಿ ತರಕಾರಿ ಸಿಪ್ಪೆಯ ನಡುವೆ ಮೈಸೂರಿನ ಸಾರಿನ ಪುಡಿಯ ಪ್ಲಾಸ್ಟಿಕ್ ಕವರೊಂದು ಅವರ ಕಣ್ಣಿಗೆ ಬಿತ್ತು. ಒಂದೇ ಒಂದು ಕವರ್, ಈ ಸಲ ಬಿಟ್ಟುಬಿಡಿ ಸರ್ ಎಂದು ಇಂಗ್ಲಿಷಿನಲ್ಲಿ ಗೋಗರೆದೆ.

"ಸುಮಿಮಾಸೆನ್" ಎಂದವರೇ ನಡು ಬಗ್ಗಿಸಿ, ಚೀಲವನ್ನು ನನ್ನ ಕೈಗಿಟ್ಟರು.

ಅವರ ದೇಶದವರು ನಮ್ಮನ್ನು ಆಳುವಾಗ ಎಷ್ಟೋ ಶಿಕ್ಷೆ ಕೊಟ್ಟಿದ್ದಾರೆ. ಬಗ್ಗಿ ಕೊಟ್ಟದ್ದು ಇದೊಂದೇ ಇರಬೇಕು.