ಬೇವು ಕಹಿಯೆಂದ ಬೆಳಗು: ಗುಬ್ಬಿ ದಾರಿಯಿಂದ ತುಮಕೂರಿಗೆ

ಗುಬ್ಬಿಯಿಂದ ಆರು ಮೈಲಿ ಒಳಗಿದ್ದ ನಮ್ಮ ಶಾಲೆಯ ಊರಿಗೆ ದಿನಕ್ಕೆ ಎರಡೇ ಬಸ್ಸು. ಬೆಳಗಿನದು ಏಳೂವರೆಗೆ, ಅದು ತಪ್ಪಿದರೆ ಸಂಜೆಯವರೆಗೆ ಅರಳಿಕಟ್ಟೆಯೇ ಗತಿ. ಎಂಬತ್ತಮೂರರ ಕಾರ್ತಿಕದ ಒಂದು ಭಾನುವಾರ ನಾನು ಆ ಬಸ್ಸಿಗೆ ಹೊರಟಿದ್ದೆ. ಹೆಂಡತಿ ಮಕ್ಕಳು ತುಮಕೂರಿನಲ್ಲಿ, ನಾನು ಊರಿನಲ್ಲಿ ರಂಗಪ್ಪನವರ ಮನೆಯ ಹೊರಕೋಣೆಯಲ್ಲಿ. ಅವತ್ತು ರಂಗಪ್ಪನವರ ಹೆಂಡತಿ ಜಯಮ್ಮನವರೂ ನನ್ನ ಜೊತೆ ಹೊರಡುವವರಿದ್ದರು. ತುಮಕೂರಿಗೆ ಅಂಟಿಕೊಂಡ ಮರಳೂರಿನಲ್ಲಿದ್ದ ಅವರ ಮಗಳು ತವರಿಗೆ ಬರುವ ಮೊದಲೇ ಹೆತ್ತುಬಿಟ್ಟಿದ್ದಳು. ಮೊದಲ ಮೊಮ್ಮಗು, ಹೆಣ್ಣು, ಎಂಟು ದಿನದ್ದು. ಜಯಮ್ಮನವರು ಇನ್ನೂ ಅದರ ಮುಖ ನೋಡಿರಲಿಲ್ಲ.

ಬಾಣಂತಿಗೆಂದು ತುಪ್ಪ, ಬೆಳ್ಳುಳ್ಳಿ, ಮೆತ್ತನೆಯ ಹಳೇ ಸೀರೆಗಳನ್ನು ಚೀಲಕ್ಕೆ ತುಂಬಿ, ಹೊರಡುವ ಮುಂಚೆ ಎಮ್ಮೆಗೆ ಹುಲ್ಲು ಹಾಕಿಬಿಡೋಣವೆಂದು ಅವರು ಬಣವೆಯ ಹತ್ತಿರ ಹೋದರು. ಹುಲ್ಲು ಹಿರಿಯುತ್ತಿರುವಾಗ ಹಾವು ಪಾದಕ್ಕೆ ಕಚ್ಚಿತು. ಹರಿದುಹೋಗುವಾಗ ಬಾಲವನ್ನಷ್ಟೇ ಕಂಡರಂತೆ.

ಆ ಸೀಮೆಯಲ್ಲಿ ಹಾವು ಕಚ್ಚಿದವರಿಗೆ ಮೊದಲು ಒಂದು ಪರೀಕ್ಷೆ ಮಾಡುತ್ತಾರೆ. ಬೇವಿನ ಸೊಪ್ಪು ಅಗಿಯಲು ಕೊಡುತ್ತಾರೆ. ಸಪ್ಪೆಯೆನಿಸಿದರೆ ವಿಷ ಏರಿದೆ, ಕಹಿಯೆನಿಸಿದರೆ ಏರಿಲ್ಲ. ಜಯಮ್ಮನವರು ಅಗಿದು, ಮುಖ ಕಿವುಚಿ ಉಗಿದರು. “ಥೂ, ಬರೀ ಕಹಿ!” ಎಂದರು. ಆದರೂ ರಂಗಪ್ಪನವರಿಗೆ ಸಮಾಧಾನವಾಗಲಿಲ್ಲ.

“ಏನಂತೀರ ಮೇಷ್ಟ್ರೇ? ದೊಡ್ಡಾಸ್ಪತ್ರೆಗೆ ತೋರಿಸ್ಬೇಕಾ?” ಎಂದು ನನ್ನನ್ನು ಕೇಳಿದರು.

ಮೇಷ್ಟ್ರ ಕೆಲಸಕ್ಕೆ ಸೇರಿದ ಮೇಲೆ ‘ಗೊತ್ತಿಲ್ಲ’ ಎಂಬ ಮಾತು ನಾಲಿಗೆಗೆ ಬರುವುದೇ ಕಷ್ಟ. “ಕಹಿ ಗೊತ್ತಾಗ್ತಿದೆ ಅಂದ್ಮೇಲೆ ಭಯ ಇಲ್ಲ ಬಿಡಿ. ಯಾವ್ದೋ ಕೇರೆ ಹಾವಿರ್ಬೇಕು” ಎಂದೆ. ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ವಿಷ ಏರದಿರಲೆಂದು ಕಾಲಿಗೆ ಬಿಗಿದಿದ್ದ ಹಗ್ಗ ಬಿಚ್ಚಿ, ಗಾಯಕ್ಕೆ ಬಟ್ಟೆ ಸುತ್ತಿದರು. ಯಾವುದಕ್ಕೂ ಇರಲಿ ಎಂದು ರಂಗಪ್ಪನವರೂ ನಮ್ಮ ಜೊತೆ ಬಸ್ಸು ಹತ್ತಿದರು.

ಗುಬ್ಬಿಯವರೆಗೆ ಮಣ್ಣಿನ ರಸ್ತೆ, ಮುಕ್ಕಾಲು ಗಂಟೆಯ ಕುಲುಕಾಟ. ಚಳಿ ಇನ್ನೂ ಬಿಟ್ಟಿರಲಿಲ್ಲ. ಎರಡೂ ಬದಿ ರಾಗಿ ಹೊಲಗಳು ಕೊಯ್ಲಿಗೆ ಬಂದಿದ್ದವು. ಜಯಮ್ಮನವರು ಮೊಮ್ಮಗಳಿಗೆ ಇಡಬೇಕಾದ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು, ರಂಗಪ್ಪನವರು ಒಂದೊಂದಾಗಿ ಬೇಡವೆನ್ನುತ್ತಿದ್ದರು. ಪಾದ ಊದುತ್ತಿತ್ತು. ಹಗ್ಗ ಬಿಗಿದಿದ್ದಕ್ಕೆ ಊದಿದೆ ಎಂದು ಮೂವರೂ ಒಪ್ಪಿಕೊಂಡೆವು. ಗುಬ್ಬಿ ಹತ್ತಿರವಾದಾಗ ಜಯಮ್ಮನವರು ಕಿಟಕಿಯಾಚೆ ಕೆಂಪಗೆ ಉಗುಳಿದರು. ಅವರ ಎಲೆಯಡಿಕೆಯ ಚಟ ಇಡೀ ಊರಿಗೆ ಗೊತ್ತು.

“ಮೊಮ್ಮಗಳ ಮುಖ ನೋಡೋವರೆಗಾದ್ರೂ ಎಲೆಯಡಿಕೆ ಬಿಡಬಾರ್ದಾ ಜಯಮ್ಮ?” ಎಂದು ಛೇಡಿಸಿದೆ.

ಅವರು ನನ್ನ ಕಡೆ ತಿರುಗಿದರು. “ಬೆಳಗ್ಗಿಂದ ನಾನು ಎಲೆ ಹಾಕೇ ಇಲ್ವಲ್ಲ ಮೇಷ್ಟ್ರೇ” ಎಂದರು.

ಬಾಯಿ ತೆರೆಯಿರಿ ಎಂದೆ. ವಸಡಿನ ಸುತ್ತಲೂ ರಕ್ತ ಜಿನುಗುತ್ತಿತ್ತು. ಪಾದಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರೆ, ಎರಡು ಗಂಟೆ ಕಳೆದರೂ ಆ ಪುಟ್ಟ ಗಾಯದಿಂದ ರಕ್ತ ನಿಂತೇ ಇರಲಿಲ್ಲ.

ಗುಬ್ಬಿಯಲ್ಲಿ ತುಮಕೂರಿನ ಬಸ್ಸು ಹೊರಡುವುದರಲ್ಲಿತ್ತು. ವಿಷಯ ಕೇಳಿದ ಕಂಡಕ್ಟರ್ ಮುಂದಿನ ಸೀಟು ಖಾಲಿ ಮಾಡಿಸಿ, “ಕಾಲು ಅಲ್ಲಾಡಿಸ್ಬ್ಯಾಡಿ ಕಣಮ್ಮ” ಎಂದ. ನಾನು ಜೇಬಿಗೆ ಕೈ ಹಾಕಿದರೆ, “ಟಿಕೆಟ್ ಆಮೇಲ್ ನೋಡನ ಬುಡಿ ಸಾರ್” ಎಂದು ಡ್ರೈವರ್ ಹತ್ತಿರ ಹೋದ. ಬಸ್ಸು ನಡುವೆ ಎಲ್ಲೂ ನಿಲ್ಲಲಿಲ್ಲ. ತಮ್ಮೂರು ದಾಟಿ ಹೋದರೂ ಒಬ್ಬರೂ ಗೊಣಗಲಿಲ್ಲ. ಆ ಹನ್ನೆರಡು ಮೈಲಿಯಷ್ಟು ಉದ್ದದ ದಾರಿಯನ್ನು ನಾನು ಆಮೇಲೆ ಕಂಡಿಲ್ಲ. ರಂಗಪ್ಪನವರು ಯಡಿಯೂರಿನ ದೇವರಿಗೆ ಹರಕೆ ಹೊತ್ತರು. ನಾನು ಮನಸ್ಸಿನಲ್ಲೇ ದುವಾ ಮಾಡುತ್ತ ಕೂತೆ.

“ಮಗೂನ ನೋಡ್ದೆ ಹೋಗ್ಬುಡ್ತೀನಾ ಮೇಷ್ಟ್ರೇ?” ಎಂದು ಜಯಮ್ಮನವರು ಕೇಳಿದರು. “ಇನ್ನೂ ಸ್ವಲ್ಪ ಬೇಗ ಹೋಗಪ್ಪ” ಎಂದು ನಾನು ಡ್ರೈವರಿಗೆ ಕೂಗಿದೆ.

ಆಸ್ಪತ್ರೆಯಲ್ಲಿ ಇದ್ದವರು ಇನ್ನೂ ಮೀಸೆ ಚಿಗುರುತ್ತಿದ್ದ ಡಾಕ್ಟರು. ಕಚ್ಚಿದ ಹೊತ್ತು, ಆಮೇಲೆ ಮಾಡಿದ್ದು, ಎಲ್ಲ ಕೇಳಿದರು. ಬೇವಿನ ವಿಷಯ ನಾನೇ ಬಾಯಿಬಿಟ್ಟು ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. “ಇದು ಕೊಳಕುಮಂಡಲದ ಥರ ಕಾಣುತ್ತೆ ಮೇಷ್ಟ್ರೇ. ಅದರ ವಿಷಕ್ಕೆ ನಾಲಿಗೆ ರುಚಿ ಕೆಡಲ್ಲ, ರಕ್ತ ಕೆಡುತ್ತೆ. ಹೆಪ್ಪುಗಟ್ಟೋದೇ ನಿಂತುಹೋಗುತ್ತೆ. ಪರೀಕ್ಷೆ ಹೀಗೆ ಮಾಡ್ಬೇಕು ನೋಡಿ” ಎಂದು ಜಯಮ್ಮನವರ ತೋಳಿನಿಂದ ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ನಳಿಕೆಯಲ್ಲಿ ಹಾಕಿ ನಿಲ್ಲಿಸಿದರು. ಇಪ್ಪತ್ತು ನಿಮಿಷ ಅದನ್ನು ಯಾರೂ ಮುಟ್ಟುವಂತಿಲ್ಲ. ಗಡಿಯಾರ ನೋಡಿಕೊಂಡು ನಳಿಕೆ ಬಾಗಿಸಿದರು. ರಕ್ತ ನೀರಿನಂತೆ ಹರಿಯಿತು.

ಕೂಡಲೇ ವಿಷಕ್ಕೆ ಮದ್ದನ್ನು ಗ್ಲೂಕೋಸ್ ನೀರಿನಲ್ಲಿ ಬೆರೆಸಿ ಹನಿಹನಿಯಾಗಿ ಏರಿಸಿದರು. ಅದು ಕುದುರೆಯ ರಕ್ತದಿಂದ ತಯಾರಾಗುವುದೆಂದು ನರ್ಸಮ್ಮ ಹೇಳಿದಾಗ, ರಂಗಪ್ಪನವರು ಆ ಗಾಬರಿಯಲ್ಲೂ, “ನಮ್ ಕುಣಿಗಲ್ ಫಾರಂ ಕುದ್ರೆಗಳದಾ ತಾಯಿ?” ಎಂದರು. “ಯಾವ ಊರಿನ ಕುದ್ರೆಯೋ ಯಜಮಾನ್ರೇ, ಬದುಕಿಸಿದ್ರೆ ಸಾಕಲ್ವಾ” ಎಂದು ಆಕೆ ನಕ್ಕರು. ಆ ನಗು ನಮಗೆ ಬೇಕಾಗಿತ್ತು.

ಆರು ಗಂಟೆ ಕಳೆದು ಮತ್ತೆ ಪರೀಕ್ಷೆ. ಊಟದ ನೆನಪು ಯಾರಿಗೂ ಇರಲಿಲ್ಲ. ಸಂಜೆ ಐದರ ಹೊತ್ತಿಗೆ ಡಾಕ್ಟರು ಎರಡನೇ ನಳಿಕೆಯನ್ನು ಬಾಗಿಸಿದರು, ಪೂರ್ತಿ ತಲೆಕೆಳಗು ಮಾಡಿದರು. ಗಟ್ಟಿ ಮೊಸರಿನ ಹಾಗೆ ರಕ್ತ ತಳದಲ್ಲೇ ಕೂತಿತ್ತು. ನಾನು ವರಾಂಡಕ್ಕೆ ಹೋಗಿ ಅತ್ತೆ.

ಅಳಿಯ ಓಡಿ ಬಂದಿದ್ದ. “ಮಗೂನ ಈ ಆಸ್ಪತ್ರೆಗೆಲ್ಲ ತರಬ್ಯಾಡ ಕಣಪ್ಪ. ವಾಸಿ ಆದ್ಮೇಲೆ ನಾನೇ ಬಂದು ಎತ್ಕೋತೀನಿ” ಎಂದು ಜಯಮ್ಮನವರು ಅವನಿಗೆ ಹೇಳುತ್ತಿದ್ದರು. ಕಹಿಯಾದರೆ ಭಯವಿಲ್ಲ ಎಂದು ಹಗ್ಗ ಬಿಚ್ಚಿಸಿದ್ದು ನನ್ನ ತಪ್ಪು ಎಂದು ರಂಗಪ್ಪನವರ ಕೈ ಹಿಡಿದು ಹೇಳಿದೆ. “ನೀವೊಬ್ರೇನಾ ಮೇಷ್ಟ್ರೇ? ನಮ್ಮಪ್ಪನ ಕಾಲದಿಂದ್ಲೂ ಹಂಗೇ ನೋಡ್ಕಂಡ್ ಬಂದೀವಿ” ಎಂದರು.

ಸೋಮವಾರ ಮೊದಲ ಬಸ್ಸಿಗೆ ಊರಿಗೆ ವಾಪಸು ಬಂದೆ. ಅರಳಿಕಟ್ಟೆಯ ಹತ್ತಿರ ಇಳಿದ ಕೂಡಲೇ ಜನ ಸುತ್ತುವರಿದರು. ಜಯಮ್ಮ ಉಳಿದರು ಎಂದೆ. ನಿನ್ನೆ ನಾನು ಆಡಿದ ಮಾತು ತಪ್ಪು, ಬೇವು ಕಹಿಯಾದರೂ ವಿಷ ಇರುತ್ತದೆ, ಇನ್ನು ಮುಂದೆ ಯಾರಿಗೆ ಹಾವು ಕಚ್ಚಿದರೂ ನೇರ ಆಸ್ಪತ್ರೆಗೆ ಹೋಗಿ ಎಂದೂ ಹೇಳಿದೆ. ಊರ ಮುಂದೆ ತಪ್ಪೊಪ್ಪಿಕೊಂಡ ನಾಚಿಕೆಯಲ್ಲಿ ತಲೆ ತಗ್ಗಿಸಿ ನಿಂತಿದ್ದೆ.

ನೀರಿಗೆ ಹೊರಟಿದ್ದ ನಂಜಮ್ಮಜ್ಜಿ ಬಿಂದಿಗೆಯನ್ನು ನೆಲಕ್ಕಿಟ್ಟರು. ಮೂರು ವರ್ಷದ ಹಿಂದೆ ರಕ್ತ ಕಾರಿ ಸತ್ತ ಅವರ ಮಗನಿಗೆ ಪೀಡೆ ಬಡಿದಿತ್ತೆಂದೇ ಊರೆಲ್ಲ ನಂಬಿತ್ತು.

“ಸಾಯೋಕ್ ಎರಡು ದಿನ ಮುಂಚೆ ನನ್ ಮಗಂಗೂ ಹಾವು ಕಚ್ಚಿತ್ತು ಮೇಷ್ಟ್ರೇ” ಎಂದರು. “ಅವನೂ ಕಹಿ ಅಂದಿದ್ದ. ಏನೂ ಆಗಿಲ್ಲ ಏಳ್ಲಾ ಅಂತ ನಾನೇ ಹೊಲಕ್ಕೆ ಕಳಿಸ್ದೆ.”